ಪೊಲೀಸ್ ಠಾಣೆಯಿಂದ ದಾಖಲೆ ಪಡೆಯುವುದು ಹೇಗೆ? ಎಫ್‌ಐಆರ್‌ನಿಂದ ಸಿಸಿಟಿವಿವರೆಗೆ

"ಎಫ್‌ಐಆರ್ ಕಾಪಿ ಕೇಳಿದರೆ ನಾಳೆ ಬನ್ನಿ ಅಂತಾರೆ, ಏನು ಮಾಡೋದು?" "ಬೈಕ್ ಕಳುವಾಗಿ ವರ್ಷ ಆಯ್ತು, ಇನ್ಶೂರೆನ್ಸ್‌ನವರು ಸಿ ರಿಪೋರ್ಟ್ ಕೇಳ್ತಿದ್ದಾರೆ, ಅದು ಎಲ್ಲಿ ಸಿಗುತ್ತೆ?" "ನಾನು ಕೊಟ್ಟ ದೂರು ಏನಾಯ್ತು ಅಂತ ಆರ್‌ಟಿಐನಲ್ಲಿ ಕೇಳಬಹುದಾ?"

ಓದುಗರಿಂದ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಇದು ಕರ್ನಾಟಕದವರಿಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೊಲೀಸ್ ಕಮಿಷನರೇಟ್ ಇದೆ. ಅಲ್ಲಿ ಠಾಣೆಯ ಮೇಲಿನ ಅಧಿಕಾರಿಗಳು ಎಸಿಪಿ ಮತ್ತು ಡಿಸಿಪಿ. ಉಳಿದ ಕಡೆ ಡಿವೈಎಸ್‌ಪಿ ಮತ್ತು ಎಸ್‌ಪಿ. ಮಿಕ್ಕ ದಾರಿ ಎಲ್ಲ ಕಡೆ ಒಂದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪೊಲೀಸ್ ದಾಖಲೆ ಅಂದ ಕೂಡಲೇ ತುಂಬಾ ಜನ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಅರ್ಜಿ, ಹಾಕಲು ಹೊರಡುತ್ತಾರೆ. ಆದರೆ ಬಹಳಷ್ಟು ಕಾಗದಗಳು ಆರ್‌ಟಿಐ ಇಲ್ಲದೆಯೇ ಬೇಗ ಸಿಗುತ್ತವೆ, ಕೆಲವು ಪುಕ್ಕಟೆಯಾಗಿ. ಇನ್ನು ಕೆಲವು ಠಾಣೆಯಲ್ಲಿ ಇರುವುದೇ ಇಲ್ಲ, ಕೋರ್ಟಿಗೆ ಹೋಗಿರುತ್ತವೆ. ತಪ್ಪು ಬಾಗಿಲು ತಟ್ಟಿದ್ದರಿಂದಲೇ ತಿಂಗಳುಗಟ್ಟಲೆ ಅಲೆದವರು ಜಾಸ್ತಿ.

1. ನಿಮಗೆ ಬೇಕಾದ ಕಾಗದ ಯಾವುದು?

"ಕೇಸಿನ ಪೇಪರ್ ಕೊಡಿ" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಹೆಸರು ಹಿಡಿದು ಕೇಳಬೇಕು. ಠಾಣೆಯಲ್ಲಿ ಬಳಕೆಯಲ್ಲಿರುವ ಹೆಸರುಗಳು ಇವು:

- ಎಫ್‌ಐಆರ್: ಪ್ರಥಮ ವರ್ತಮಾನ ವರದಿ. ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡಬಹುದಾದ ಅಪರಾಧಗಳಿಗೆ ಇದು ದಾಖಲಾಗುತ್ತದೆ.
- ಎನ್‌ಸಿಆರ್: ಸಣ್ಣ ಸ್ವರೂಪದ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆ ಮಾಡಲಾಗದ ಪ್ರಕರಣಗಳ ನಮೂದು. ಬೈದಾಟ, ಸಣ್ಣಪುಟ್ಟ ಜಗಳ ಇಲ್ಲಿಗೆ ಬರುತ್ತವೆ.
- ಹಿಂಬರಹ: ನಿಮ್ಮ ಅರ್ಜಿಯ ಮೇಲೆ ಏನು ಮಾಡಿದೆವು ಅಂತ ಪೊಲೀಸರು ಬರೆದುಕೊಡುವ ಉತ್ತರ. "ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಎಂಬ ಸಾಲು ಇರುವ ಕಾಗದವೇ ಇದು.
- ಠಾಣಾ ದಿನಚರಿ: ಠಾಣೆಯಲ್ಲಿ ನಡೆದದ್ದನ್ನೆಲ್ಲ ಗಂಟೆ, ನಿಮಿಷದ ಸಮೇತ ಬರೆಯುವ ಪುಸ್ತಕ.
- ಮಹಜರು ಅಥವಾ ಪಂಚನಾಮೆ: ಸಾಕ್ಷಿಗಳ ಎದುರು ಸ್ಥಳ ನೋಡಿ ಅಥವಾ ವಸ್ತು ವಶಪಡಿಸಿಕೊಂಡು ಬರೆದದ್ದು.
- ದೋಷಾರೋಪಣೆ ಪಟ್ಟಿ: ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ವರದಿ, ಎಲ್ಲರ ಬಾಯಲ್ಲೂ ಚಾರ್ಜ್‌ಶೀಟ್.
- ಬಿ ರಿಪೋರ್ಟ್, ಸಿ ರಿಪೋರ್ಟ್: ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯಿಂದ ಆದದ್ದು ಅಂತ ಮುಗಿಸಿದರೆ ಬಿ. ಅಪರಾಧ ನಡೆದಿದೆ, ಆದರೆ ಪತ್ತೆಯಾಗಲಿಲ್ಲ ಅಂತ ಮುಗಿಸಿದರೆ ಸಿ.
- ಯುಡಿಆರ್: ಅಸಹಜ ಸಾವಿನ ವರದಿ.

ವಸ್ತು ಅಥವಾ ದಾಖಲೆ ಕಳೆದುಹೋಗಿದ್ದಕ್ಕೆ ಮಾತ್ರ ಕಾಗದ ಬೇಕಾದರೆ ಇಷ್ಟೆಲ್ಲ ಬೇಡ. ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ಪಡೆಯಬಹುದು. ಆದರೆ ಕಳುವಾಗಿದ್ದರೆ ಇ-ಲಾಸ್ಟ್ ಸಾಲದು. ಕಳೆದದ್ದು ಬೇರೆ, ಕದ್ದದ್ದು ಬೇರೆ. ಕಳುವಿಗೆ ಎಫ್‌ಐಆರ್ ಆಗಬೇಕು.

2. ಆ ಪ್ರಕರಣದಲ್ಲಿ ನೀವು ಯಾರು?

ಇದರ ಮೇಲೆ ನಿಮ್ಮ ಹಕ್ಕು ನಿಂತಿದೆ.

ದೂರು ಕೊಟ್ಟವರು ಅಥವಾ ನೊಂದವರು ನೀವಾಗಿದ್ದರೆ ಎಫ್‌ಐಆರ್ ಪ್ರತಿಯನ್ನು ಕೂಡಲೇ, ಪುಕ್ಕಟೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(2) ಇದನ್ನೇ ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದದ್ದು ದೂರುದಾರರಿಗೆ ಮಾತ್ರ. ಈಗ ನೊಂದವರನ್ನೂ ಸೇರಿಸಿದ್ದಾರೆ. ಮಗಳ ಪರವಾಗಿ ಅಪ್ಪ ದೂರು ಕೊಟ್ಟಿದ್ದರೆ ಮಗಳೂ ತನ್ನ ಹೆಸರಿನಲ್ಲೇ ಪ್ರತಿ ಕೇಳಬಹುದು.

ಆರೋಪಿ ನೀವಾಗಿದ್ದರೂ ಕಾಯುತ್ತಾ ಕೂರಬೇಕಿಲ್ಲ. 2016ರ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ನೀವು ಅಥವಾ ನಿಮ್ಮ ಪರವಾಗಿ ಬೇರೆಯವರು ಠಾಣೆಗೆ ಅಥವಾ ಎಸ್‌ಪಿಗೆ ಅರ್ಜಿ ಕೊಟ್ಟರೆ 24 ಗಂಟೆಯೊಳಗೆ ಎಫ್‌ಐಆರ್‌ನ ದೃಢೀಕೃತ ಪ್ರತಿ ಕೊಡಬೇಕು. ಕೋರ್ಟಿನಲ್ಲಿ ಕೇಳಿದರೆ ಎರಡು ಕೆಲಸದ ದಿನಗಳೊಳಗೆ.

ಇವೆರಡೂ ಅಲ್ಲ, ಹೊರಗಿನವರು ಅಂದರೆ ಜಾಲತಾಣ ಮತ್ತು ಆರ್‌ಟಿಐ ನಿಮ್ಮ ದಾರಿ. ಬೇರೆಯವರ ಖಾಸಗಿ ವಿವರ ಸಿಗುವುದು ಕಷ್ಟ.

3. ವಿವರ ಕೂಡಿಸಿಕೊಳ್ಳಿ

ಠಾಣೆಯ ಹೆಸರು, ವರ್ಷ, ಅಪರಾಧ ಸಂಖ್ಯೆ. ಈ ಮೂರಿದ್ದರೆ ಅರ್ಧ ಕೆಲಸ ಆದಂತೆ. ಅಪರಾಧ ಸಂಖ್ಯೆಯ ರೂಪ 112/2025 ಅನ್ನುವಂತೆ ಇರುತ್ತದೆ. ಅಂದರೆ ಆ ವರ್ಷ ಆ ಠಾಣೆಯ 112ನೇ ಎಫ್‌ಐಆರ್. ಪಕ್ಕದ ಠಾಣೆಯಲ್ಲೂ ಇನ್ನೊಂದು 112/2025 ಇರುತ್ತದೆ. ಹಾಗಾಗಿ ಠಾಣೆಯ ಹೆಸರಿಲ್ಲದೆ ಬರೀ ಸಂಖ್ಯೆ ಬರೆದರೆ ಉಪಯೋಗವಿಲ್ಲ. ಸಂಚಾರ ಠಾಣೆ, ಮಹಿಳಾ ಠಾಣೆ, ಸೈಬರ್ ಕ್ರೈಂ ಠಾಣೆ ಬೇರೆಬೇರೆ ಎಂಬುದೂ ನೆನಪಿರಲಿ. ಬೀದಿ ಒಂದೇ ಆದರೂ ಅಪಘಾತದ ಕೇಸು ಕಾನೂನು ಸುವ್ಯವಸ್ಥೆ ಠಾಣೆಯಲ್ಲಿ ಇಲ್ಲದೆ ಸಂಚಾರ ಠಾಣೆಯಲ್ಲಿ ಇರಬಹುದು.

ಸಂಖ್ಯೆ ಗೊತ್ತಿಲ್ವಾ? ದೂರು ಕೊಟ್ಟಾಗ ಕೊಟ್ಟ ಸ್ವೀಕೃತಿ ಹುಡುಕಿ. ಅದೂ ಇಲ್ಲದಿದ್ದರೆ ಘಟನೆಯ ದಿನಾಂಕ, ಸ್ಥಳ, ದೂರುದಾರರ ಹೆಸರು ಹೇಳಿದರೆ ಠಾಣೆಯ ರೈಟರ್ ಹುಡುಕಿಕೊಡಬಲ್ಲರು. ರೈಟರ್ ಅಂದರೆ ಠಾಣೆಯ ಬರವಣಿಗೆ ಕೆಲಸ ನೋಡಿಕೊಳ್ಳುವ ಸಿಬ್ಬಂದಿ.

ಗುರುತಿನ ಚೀಟಿಯ ಜೆರಾಕ್ಸ್ ಒಂದು ಇಟ್ಟುಕೊಳ್ಳಿ. ಬೇರೆಯವರ ಪರವಾಗಿ ಹೋಗುತ್ತಿದ್ದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ ಬೇಕು.

4. ಮೊದಲು ಜಾಲತಾಣ, ಆಮೇಲೆ ಠಾಣೆ

ಅದೇ 2016ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದಿತು. ನೆಟ್‌ವರ್ಕ್ ತೊಂದರೆ ಇರುವ ಕಡೆ 72 ಗಂಟೆವರೆಗೆ ಅವಕಾಶ ಕೊಟ್ಟಿದೆ. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಹುಡುಕುವ ಜಾಗವಿದೆ. ಜಿಲ್ಲೆ ಅಥವಾ ನಗರ, ಠಾಣೆ, ವರ್ಷ, ಸಂಖ್ಯೆ ಕೊಟ್ಟು ನೋಡಿ.

ಅಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಎಫ್‌ಐಆರ್ ಆಗಿಲ್ಲ ಅಂದುಕೊಳ್ಳಬೇಡಿ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ. ಹಾಗಂತ ನೊಂದವರಿಗೆ ಪ್ರತಿ ಕೊಡದೇ ಇರುವಂತಿಲ್ಲ. ಅವರು ಠಾಣೆಯಲ್ಲೇ ಪಡೆಯಬೇಕು.

ಠಾಣೆಗೆ ಹೋಗುವಾಗ ಬರೀ ಬಾಯಿಮಾತಿನಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ಠಾಣಾಧಿಕಾರಿಗೆ ಅರ್ಜಿ ಬರೆಯಿರಿ. ನಾಲ್ಕು ಸಾಲು ಸಾಕು: ನೀವು ಯಾರು, ಅಪರಾಧ ಸಂಖ್ಯೆ ಯಾವುದು, ಯಾವ ದಾಖಲೆಯ ಪ್ರತಿ ಬೇಕು, ಯಾವ ಕಲಂ ಅಡಿ ಕೇಳುತ್ತಿದ್ದೀರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಸೀಲು, ದಿನಾಂಕ, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮುಂದೆ ಡಿಸಿಪಿ ಹತ್ತಿರ ಹೋದರೂ, ಕೋರ್ಟಿಗೆ ಹೋದರೂ ಆ ಸೀಲು ಬಿದ್ದ ಹಾಳೆಯೇ ನಿಮ್ಮ ಪರವಾಗಿ ಮಾತಾಡುತ್ತದೆ. ಹದಿನೈದು ಸಲ ಠಾಣೆಗೆ ಹೋಗಿ ಬಂದದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ಅರ್ಜಿಯನ್ನು ಠಾಣೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಒಂದು ಪ್ರತಿ ಡಿಸಿಪಿ ಅಥವಾ ಎಸ್‌ಪಿ ಕಚೇರಿಗೂ ಕಳಿಸಿ. ರಶೀದಿ ಇಟ್ಟುಕೊಳ್ಳಿ.

ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಡಿ. "ಜೆರಾಕ್ಸ್ ಪೇಪರ್ ತಂದುಕೊಡಿ" ಅಂತಲೂ ಕಾನೂನು ಹೇಳುವುದಿಲ್ಲ.

ದೂರು ಕೊಟ್ಟು ಕೆಲವೇ ದಿನ ಆಗಿದ್ದು, ಎಫ್‌ಐಆರ್ ಇನ್ನೂ ಆಗಿಲ್ಲ ಅನ್ನುತ್ತಿದ್ದಾರಾ? 3 ವರ್ಷದಿಂದ 7 ವರ್ಷದೊಳಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಕಲಂ 173(3) ಅವಕಾಶ ಕೊಡುತ್ತದೆ. ಅದು ಮುಗಿದ ಮೇಲೂ ಸುದ್ದಿ ಇಲ್ಲದಿದ್ದರೆ ಎಸ್‌ಪಿ ಅಥವಾ ಡಿಸಿಪಿಗೆ, ಅಲ್ಲಿಂದ ಮ್ಯಾಜಿಸ್ಟ್ರೇಟ್‌ಗೆ ಹೋಗಲು ಕಲಂ 173(4) ಇದೆ.

5. ಕೈಗೆ ಬಂದ ಎಫ್‌ಐಆರ್ ಓದುವುದು

ಇದನ್ನು ಬಹಳ ಜನ ಮಾಡುವುದಿಲ್ಲ. ಪ್ರತಿ ಮಡಚಿ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ದಯವಿಟ್ಟು ಅಲ್ಲೇ ಕೂತು ಓದಿ, ಯಾಕೆಂದರೆ ಮುಂದೆ ಕೇಳಬೇಕಾದ ದಾಖಲೆಗಳ ಸುಳಿವೆಲ್ಲ ಅದರಲ್ಲೇ ಇರುತ್ತದೆ.

ಮೇಲಿನ ಸಾಲಿನಲ್ಲಿ ಜಿಲ್ಲೆ, ಠಾಣೆ, ವರ್ಷ, ಎಫ್‌ಐಆರ್ ಸಂಖ್ಯೆ, ದಿನಾಂಕ. ಅದರ ಕೆಳಗೆ ಕಾಯ್ದೆ ಮತ್ತು ಕಲಂ. ಮೂರನೇ ಅಂಕಣದಲ್ಲಿ ಮೂರು ಸಮಯಗಳು ಇರುತ್ತವೆ: ಘಟನೆ ನಡೆದ ಸಮಯ, ಠಾಣೆಗೆ ಮಾಹಿತಿ ಬಂದ ಸಮಯ, ಠಾಣಾ ದಿನಚರಿಯ ನಮೂದು ಸಂಖ್ಯೆ ಮತ್ತು ಸಮಯ. ಆ ದಿನಚರಿ ನಮೂದು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆರ್‌ಟಿಐನಲ್ಲಿ "ದಿನಚರಿ ಕೊಡಿ" ಅನ್ನುವುದಕ್ಕಿಂತ "ಇಂಥ ದಿನಾಂಕದ ಇಷ್ಟನೇ ನಮೂದು ಕೊಡಿ" ಅಂದರೆ ನುಣುಚಿಕೊಳ್ಳುವುದು ಕಷ್ಟ.

ಇನ್ನೂ ಕೆಳಗೆ "ತಡವಾಗಿದ್ದಕ್ಕೆ ಕಾರಣ" ಎಂಬ ಅಂಕಣ ಇದೆ. ನೀವು ಅದೇ ದಿನ ದೂರು ಕೊಟ್ಟಿದ್ದರೂ ಅಲ್ಲಿ ದೂರುದಾರರೇ ತಡವಾಗಿ ಬಂದರು ಅಂತ ಬರೆದಿದ್ದರೆ ಕೂಡಲೇ ಲಿಖಿತವಾಗಿ ಆಕ್ಷೇಪ ಕೊಡಿ. ಕಡೆಯಲ್ಲಿ ಕೋರ್ಟಿಗೆ ಕಳಿಸಿದ ದಿನಾಂಕ, ಸಮಯ ಇರುತ್ತದೆ. ನಿಮ್ಮ ಸಹಿ ಸರಿಯಾಗಿದೆಯಾ, ಕಳುವಾದ ವಸ್ತುಗಳ ಪಟ್ಟಿ ಪೂರ್ತಿ ಇದೆಯಾ ನೋಡಿ. ಮೊಬೈಲಿನ ಐಎಂಇಐ ಸಂಖ್ಯೆ, ವಾಹನದ ಚಾಸಿಸ್ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿದರೂ ಆಮೇಲೆ ಇನ್ಶೂರೆನ್ಸ್‌ನಲ್ಲಿ ಒದ್ದಾಡಬೇಕಾಗುತ್ತದೆ.

ಆ ಪ್ರತಿಯಲ್ಲಿ ನಿಮ್ಮ ವಿಳಾಸ, ಫೋನ್ ನಂಬರ್ ಇರುತ್ತವೆ. ವಾಟ್ಸ್‌ಆಪ್ ಗುಂಪುಗಳಿಗೆ ಹಾಕಬೇಡಿ.

6. ತನಿಖೆ ಮುಗಿದಿದ್ದರೆ ಕೋರ್ಟ್

ಚಾರ್ಜ್‌ಶೀಟ್, ಬಿ ರಿಪೋರ್ಟ್, ಸಿ ರಿಪೋರ್ಟ್ ಎಲ್ಲವೂ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತವೆ. ಇವಕ್ಕಾಗಿ ಠಾಣೆ ಸುತ್ತುವುದು ವ್ಯರ್ಥ. ಯಾವ ಕೋರ್ಟಿಗೆ, ಯಾವ ದಿನಾಂಕಕ್ಕೆ ಸಲ್ಲಿಸಿದರು ಎಂದಷ್ಟೇ ಠಾಣೆಯಲ್ಲಿ ಕೇಳಿ. ಆಮೇಲೆ ಆ ಕೋರ್ಟಿನ ನಕಲು ವಿಭಾಗದಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಬೈಕ್ ಕಳೆದುಕೊಂಡವರು ಕೇಳುವ ಸಿ ರಿಪೋರ್ಟ್ ಸಿಗುವುದು ಇಲ್ಲಿ.

ಬಿ ರಿಪೋರ್ಟ್ ಹಾಕಿದ್ದಾರೆ ಅಂತ ಕೋರ್ಟಿನಿಂದ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ. ಪ್ರತಿ ಪಡೆದು, ವಕೀಲರ ಮೂಲಕ ತಕರಾರು ಅರ್ಜಿ ಸಲ್ಲಿಸಬಹುದು.

ಆರೋಪಿ ಕೋರ್ಟಿಗೆ ಹಾಜರಾದ ದಿನದಿಂದ 14 ದಿನದೊಳಗೆ ಪೊಲೀಸ್ ವರದಿ, ಎಫ್‌ಐಆರ್, ಸಾಕ್ಷಿ ಹೇಳಿಕೆಗಳ ಪ್ರತಿ ಪುಕ್ಕಟೆ ಸಿಗಬೇಕು. ನೊಂದವರ ಪರ ವಕೀಲರಿದ್ದರೆ ಅವರಿಗೂ ಸಿಗಬೇಕು. ಇದು ಹೊಸ ಸಂಹಿತೆಯ ಕಲಂ 230. ಹೊರಗಿನವರಿಗೆ ಚಾರ್ಜ್‌ಶೀಟ್ ಜಾಲತಾಣದಲ್ಲಿ ಸಿಗುವುದಿಲ್ಲ. ಅದನ್ನು ಎಫ್‌ಐಆರ್‌ನಂತೆ ಸಾರ್ವಜನಿಕವಾಗಿ ಹಾಕಬೇಕಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತನಿಖೆ ಇನ್ನೂ ನಡೆಯುತ್ತಿದ್ದರೆ? 90 ದಿನದೊಳಗೆ ತನಿಖೆಯ ಪ್ರಗತಿಯನ್ನು ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸಬೇಕು ಅಂತ ಕಲಂ 193 ಹೇಳುತ್ತದೆ. ಅದನ್ನು ಉಲ್ಲೇಖಿಸಿ ತನಿಖಾಧಿಕಾರಿಗೆ ಪತ್ರ ಬರೆಯಿರಿ. ತನಿಖಾಧಿಕಾರಿ ದಿನವೂ ಬರೆಯುವ ಕೇಸ್ ಡೈರಿ ಮಾತ್ರ ಸಿಗುವುದಿಲ್ಲ. ಆರೋಪಿಗೂ ಅದನ್ನು ಕೇಳುವ ಹಕ್ಕಿಲ್ಲ. ಠಾಣಾ ದಿನಚರಿ ಮತ್ತು ಕೇಸ್ ಡೈರಿ ಬೇರೆಬೇರೆ, ಅರ್ಜಿಯಲ್ಲಿ ಎರಡನ್ನೂ ಕಲಸಬೇಡಿ.

ರಸ್ತೆ ಅಪಘಾತದ್ದು ಸ್ವಲ್ಪ ಬೇರೆ. 2022ರಿಂದ ಜಾರಿಯಾದ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನೂ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. ಮೊದಲ ವರದಿಯ ಪ್ರತಿ ನೊಂದವರಿಗೂ ಸಲ್ಲಬೇಕು. ಪರಿಹಾರದ ಅರ್ಜಿಗೆ ಕಾಯ್ದೆಯಲ್ಲಿ 6 ತಿಂಗಳ ಗಡುವು ಬರೆದಿದೆ. ಹಾಗಾಗಿ ಗಾಯ ಮಾಗಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಮನೆಯವರಲ್ಲಿ ಒಬ್ಬರು ಮೊದಲ ವಾರದಲ್ಲೇ ಪ್ರತಿ ಕೇಳಲಿ.

7. ಮಾಹಿತಿ ಹಕ್ಕು ಅರ್ಜಿ

ಮೇಲಿನ ದಾರಿಗಳಲ್ಲಿ ಸಿಗದ ಕಾಗದಗಳಿಗೆ, ಅಂದರೆ ಅರ್ಜಿ ವಿಚಾರಣೆಯ ಕಡತ, ಠಾಣಾ ದಿನಚರಿ ನಮೂದು, ಹಿಂಬರಹದ ಹಿಂದಿನ ವರದಿ, ತುರ್ತು ಸಹಾಯವಾಣಿ 112ಕ್ಕೆ ಮಾಡಿದ ಕರೆಯ ದಾಖಲೆ ಇಂಥವಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಒಳ್ಳೆಯ ಸಾಧನ. ಕನ್ನಡದಲ್ಲೇ ಬರೆಯಿರಿ. ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ.

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಎ4 ಅಳತೆಯ ಪ್ರತಿ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅರ್ಜಿ ಶುಲ್ಕವಿಲ್ಲ. ಅಂಚೆ ಕಚೇರಿಯಲ್ಲಿ ಸಿಗುವ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. ಅದನ್ನು ಯಾರ ಹೆಸರಿಗೆ ಬರೆಯಬೇಕು ಅಂತ ಕಚೇರಿಯಲ್ಲಿ ಕೇಳಿಕೊಂಡು ಬರೆಯಿರಿ, ಸಂಖ್ಯೆಯನ್ನು ಅರ್ಜಿಯಲ್ಲೂ ನಮೂದಿಸಿ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಜಾಲತಾಣವೂ ಇದೆ.

ಅರ್ಜಿ ಹೋಗಬೇಕಾದದ್ದು ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಆ ಠಾಣೆಗೆ ಅವರು ಯಾರು ಎಂಬುದು ಕಚೇರಿಯ ಫಲಕದಲ್ಲಿ ಇರಬೇಕು. ತಪ್ಪಿ ಬೇರೆ ಕಚೇರಿಗೆ ಕೊಟ್ಟರೆ ಅವರು 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು, ಕಲಂ 6(3).

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಮೂರು ಪುಟ ಕಷ್ಟ ತೋಡಿಕೊಂಡರೆ ಅರ್ಜಿ ವಾಪಸ್ ಬರುತ್ತದೆ. ನೋವು ಎಷ್ಟೇ ಇರಲಿ, ಅದನ್ನು ದೂರಿನಲ್ಲಿ ಬರೆಯಿರಿ, ಇಲ್ಲಿ ಬೇಡ. ಎರಡನೆಯದು, "ಯಾಕೆ ಬಂಧಿಸಲಿಲ್ಲ?" ಅಂತ ಕೇಳುವುದು. ಆರ್‌ಟಿಐನಲ್ಲಿ ಸಿಗುವುದು ಕಚೇರಿಯಲ್ಲಿ ಇರುವ ಕಾಗದ ಮಾತ್ರ. ಅಭಿಪ್ರಾಯ, ವಿವರಣೆ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪ್ರಶ್ನೆಯನ್ನು ಕಾಗದದ ಕಡೆ ತಿರುಗಿಸಿ. ಹೀಗೆ:

"ವಿಷಯ: ದಿನಾಂಕ ____ರಂದು ____ ಠಾಣೆಗೆ ಕೊಟ್ಟ ದೂರಿನ ದಾಖಲೆಗಳು.
ಅ. ಸದರಿ ದೂರಿನ (ಸ್ವೀಕೃತಿ ಸಂಖ್ಯೆ ____) ವಿಚಾರಣಾ ಕಡತದ ಎಲ್ಲ ಪುಟಗಳ ದೃಢೀಕೃತ ಪ್ರತಿ.
ಆ. ಅದೇ ದೂರಿನ ಬಗ್ಗೆ ____ರಿಂದ ____ರವರೆಗೆ ಠಾಣಾ ದಿನಚರಿಯಲ್ಲಿರುವ ನಮೂದುಗಳ ಪ್ರತಿ.
ಇ. ದೂರನ್ನು ಮುಕ್ತಾಯ ಮಾಡಿದ್ದರೆ ಹಿಂಬರಹ ಮತ್ತು ಅದಕ್ಕೆ ಆಧಾರವಾದ ವರದಿಯ ಪ್ರತಿ.
ಯಾವುದೇ ಭಾಗ ಕೊಡಲಾಗದಿದ್ದರೆ ಕಲಂ 10ರಂತೆ ಉಳಿದ ಭಾಗ ಕೊಡಿ. ನಿರಾಕರಣೆಗೆ ಕಾರಣವಾದ ಕಲಂ ನಮೂದಿಸಿ."

ಕೊನೆಯ ಎರಡು ಸಾಲು ಮರೆಯಬೇಡಿ. ಸಾಕ್ಷಿಯ ಹೆಸರಿಗೆ ಕಪ್ಪು ಬಳಿದು ಉಳಿದದ್ದನ್ನು ಕೊಡಬಹುದಾದಾಗ ಇಡೀ ಕಡತವನ್ನೇ ತಡೆಹಿಡಿಯುವಂತಿಲ್ಲ.

ಉತ್ತರಕ್ಕೆ 30 ದಿನ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮನೆಯವರನ್ನು ಪೊಲೀಸರು ಕರೆದೊಯ್ದು ಸುದ್ದಿಯೇ ಇಲ್ಲ ಅನ್ನುವಾಗ ಅರ್ಜಿಯ ಮೇಲೆ "ಕಲಂ 7(1), ಜೀವ ಮತ್ತು ಸ್ವಾತಂತ್ರ್ಯ" ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಆದರೆ ಅದನ್ನೇ ನಂಬಿ ಕೂರಬೇಡಿ, ಮೊದಲು ವಕೀಲರನ್ನು ಹಿಡಿಯಿರಿ. ಬಂಧಿತರ ಹೆಸರು, ವಿಳಾಸ, ಆರೋಪದ ವಿವರವನ್ನು ಪ್ರತಿ ಠಾಣೆಯಲ್ಲೂ ಕಾಣುವಂತೆ ಹಾಕಬೇಕು ಅಂತ ಹೊಸ ಸಂಹಿತೆಯ ಕಲಂ 37 ಹೇಳುತ್ತದೆ. ಅದನ್ನೂ ಹೋಗಿ ನೋಡಿ.

8. "ತನಿಖೆಯಲ್ಲಿದೆ, ಕೊಡಲಾಗುವುದಿಲ್ಲ" ಅಂದರೆ

ಪೊಲೀಸ್ ಕಚೇರಿಯಿಂದ ಹೆಚ್ಚಾಗಿ ಬರುವ ಉತ್ತರ ಇದೇ. ಇದರ ಹಿಂದಿರುವುದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್). ಆ ಕಲಂ ಹೇಳುವುದು ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಅಂತ. ತನಿಖೆ ನಡೆಯುತ್ತಿದೆ ಎಂಬುದೇ ಕಾರಣ ಅಲ್ಲ. ಮಾಹಿತಿ ಕೊಟ್ಟರೆ ಅಡ್ಡಿ ಹೇಗಾಗುತ್ತದೆ ಎಂದು ಅಧಿಕಾರಿ ತೋರಿಸಬೇಕು. 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೇಲ್ಮನವಿಯಲ್ಲಿ ಈ ತೀರ್ಪಿನ ಹೆಸರು ಬರೆಯಿರಿ.

ಉತ್ತರ ಬಂದ 30 ದಿನದೊಳಗೆ, ಅಥವಾ ಉತ್ತರವೇ ಬರದೆ 30 ದಿನ ಮುಗಿದ ಮೇಲಿನ 30 ದಿನದೊಳಗೆ, ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅವರು 30 ದಿನದೊಳಗೆ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನದೊಳಗೆ ತೀರ್ಮಾನ ಕೊಡಬೇಕು. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಗಡುವು ಮೀರಿ ಕೊಟ್ಟರೆ ಪುಟದ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಗಡುವುಗಳನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಒಳ್ಳೆಯ ಅರ್ಜಿಗಳು ತಾರೀಖು ತಪ್ಪಿ ಬಿದ್ದುಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

9. ಸಿಸಿಟಿವಿ ಬೇಕಾದರೆ ಇವತ್ತೇ ಬರೆಯಿರಿ

ಇದನ್ನು ಕಡೆಗೆ ಇಟ್ಟಿದ್ದೇನೆ, ಆದರೆ ನಿಮ್ಮ ಕೆಲಸದಲ್ಲಿ ಇದು ಮೊದಲು ಆಗಬೇಕು. ಉಳಿದ ಕಾಗದಗಳು ಕಪಾಟಿನಲ್ಲಿ ಕಾಯುತ್ತವೆ. ವಿಡಿಯೊ ಕಾಯುವುದಿಲ್ಲ.

ಠಾಣೆಯೊಳಗೆ ಹೊಡೆದರು, ದೂರು ತೆಗೆದುಕೊಳ್ಳದೆ ಕಳಿಸಿದರು ಅನ್ನುವ ಪ್ರಕರಣಗಳಲ್ಲಿ ಠಾಣೆಯ ಕ್ಯಾಮೆರಾ ದೊಡ್ಡ ಸಾಕ್ಷಿ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದಿತು. ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು ಎಂದಿದೆ. ಆದರೆ ಇದು ಠಾಣೆಯ ಕ್ಯಾಮೆರಾಗಳ ಮಾತು. ಬೀದಿಯ, ಅಂಗಡಿಯ ಕ್ಯಾಮೆರಾಗಳಲ್ಲಿ ಹಳೆಯದರ ಮೇಲೆ ಹೊಸದು ಬೇಗ ರೆಕಾರ್ಡ್ ಆಗಿಬಿಡುತ್ತದೆ.

ಹಾಗಾಗಿ ಪ್ರತಿ ಕೇಳುವ ಮೊದಲು ಉಳಿಸಿಡಿ ಎಂದು ಕೇಳಿ. ಠಾಣಾಧಿಕಾರಿಗೆ ಮತ್ತು ಡಿಸಿಪಿ ಅಥವಾ ಎಸ್‌ಪಿಗೆ ಘಟನೆಯ ದಿನವೇ ಒಂದು ಪತ್ರ: "ದಿನಾಂಕ ____, ಬೆಳಗ್ಗೆ 10.30ರಿಂದ 12.15ರವರೆಗೆ ಠಾಣೆಯ ಮುಂಬಾಗಿಲು, ಸ್ವಾಗತ ಕೊಠಡಿ ಮತ್ತು ಪಡಸಾಲೆಯ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿರಿಸಿ." ಸಮಯ ಮತ್ತು ಜಾಗ ಎರಡೂ ಇರಲಿ. ಇಡೀ ದಿನದ ದೃಶ್ಯ ಕೇಳಿದರೆ ಬೇರೆಯವರ ಖಾಸಗಿತನದ ಕಾರಣ ಹೇಳಿ ನಿರಾಕರಿಸುವುದು ಸುಲಭ. ಒಂದೂಮುಕ್ಕಾಲು ಗಂಟೆಯದಕ್ಕೆ ಅಷ್ಟು ಸುಲಭವಲ್ಲ. ಬೀದಿಯ ಕ್ಯಾಮೆರಾ ಆದರೆ ಕಂಬ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ಬರೆದು, ಅದರ ಫೋಟೊ ಲಗತ್ತಿಸಿ ತನಿಖಾಧಿಕಾರಿಗೆ ಕೊಡಿ. ಆ ಪತ್ರಕ್ಕೂ ಸೀಲು ಹಾಕಿಸಿಕೊಂಡೇ ಠಾಣೆಯ ಮೆಟ್ಟಿಲು ಇಳಿಯಿರಿ.